ಹುಲಿಕಾಡಿನಲ್ಲಿ ಚೆಲ್ಲಿದ ಚರಗ

ವಿಜಯಪುರ

ನೇಪಾಳಕ್ಕೆ ಹೊರಟಿದ್ದೇನೆ ಅಂದಾಗ ನಮ್ಮ ಓಣಿಯವರು ಯಾರೂ ಅದನ್ನು ಪರದೇಶ ಎಂದು ಒಪ್ಪಲಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಎದುರುಮನೆಯ ಕಾಕು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತ, "ಪಾಸ್‌ಪೋರ್ಟ್ ಕೇಳದ ದೇಶ ಅದ್ಯಾವ ಪರದೇಶ ಬೇ? ಸೊಲ್ಲಾಪುರಕ್ಕ ಚಾದರ ತರಾಕ ಹೋದಂಗ ಆತು" ಎಂದು ತೀರ್ಪು ಕೊಟ್ಟುಬಿಟ್ಟರು. ನನಗೆ ಸಿಟ್ಟು ಬಂತು. ಐವತ್ತರ ವಯಸ್ಸಿನಲ್ಲಿ ಮೊದಲ ಸಲ ದೇಶ ಬಿಟ್ಟು ಹೋಗುವವಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಹೊರಟಿದ್ದದ್ದು ಹುಲಿಯ ಊಟ ಎಣಿಸಲು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹುಲಿಯ ಬಗ್ಗೆ ಒಂದು ತಾಸು ನಿಲ್ಲಿಸದೆ ಮಾತಾಡಬಲ್ಲೆ, ಆದರೆ ನೋಡಿದ್ದು ಪಂಜರದಲ್ಲಿ ಮಾತ್ರ. ನನ್ನ ಪಾಲಿನ ಕಾಡುಪ್ರಾಣಿ ಎಂದರೆ ಮಮದಾಪುರದ ಕೆರೆಗಳ ಕಡೆ ಕಾಣುವ ಚಿಗರಿ, ಅದೂ ಅವುಗಳ ಬೆನ್ನು. ಸಬಿತಾ ಎಂಬ ನೇಪಾಳಿ ಸಂಶೋಧಕಿಯ ಪರಿಚಯ ಒಂದು ಆನ್‌ಲೈನ್ ತರಬೇತಿಯಲ್ಲಿ ಆಗಿತ್ತು. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಹುಲಿಗೆ ಊಟವಾಗುವ ಜಿಂಕೆ, ಕಡವೆ, ಹಂದಿಗಳು ಎಲ್ಲೆಲ್ಲಿ ಎಷ್ಟಿವೆ ಎಂದು ತಿಳಿಯುವುದು ಅವಳ ಕೆಲಸ. ಚಳಿಗಾಲದಲ್ಲಿ ಕೈಜೋಡಿಸಲು ಬನ್ನಿ ಎಂದು ಕರೆದಳು. ಹುಲಿ ಎಣಿಸುವವರಿಗೆ ಟಿವಿಯಲ್ಲಿ ಹೆಸರು ಬರುತ್ತದೆ, ಜಿಂಕೆ ಎಣಿಸುವವರಿಗೆ ಉಣ್ಣಿ ಕಚ್ಚುತ್ತದೆ ಎಂದು ಮೊದಲೇ ಎಚ್ಚರಿಸಿದ್ದಳು. ಆದರೂ ನಮ್ಮ ಕಾಲೇಜಿನ ಫಲಕದ ಮೇಲೆ "ನಮ್ಮ ಹೆಮ್ಮೆ" ಎಂದು ನನ್ನ ಹೆಸರು ಬರೆದರು, ನಾನು ಅದರ ಫೋಟೋ ತೆಗೆದು ನಾಲ್ಕು ಕಡೆ ಕಳಿಸಿದೆ.

ಜೊತೆಗೆ ಬರಬೇಕಿದ್ದ ಸಹೋದ್ಯೋಗಿಗೆ ಹೊರಡುವ ವಾರವೇ ಡೆಂಗಿ ಜ್ವರ ಬಂತು. ಆಗ ಮುಂದೆ ಬಂದವರು ವೈನಿ. ನನ್ನ ಅಣ್ಣನ ಹೆಂಡತಿ ಮಹಾದೇವಿ ವೈನಿ ತಿಕೋಟಾದವರು. ದ್ರಾಕ್ಷಿ ಒಣಗಿಸಿ ಮಾರುವ ಮನೆತನ, ಅಣ್ಣನೂ ಅಲ್ಲೇ ನೆಲೆಸಿದ್ದಾನೆ. ವ್ಯಾಪಾರಿಗಳ ಹತ್ತಿರ ದರದ ಮಾತಾಡುವುದು ವೈನಿ, ತಲೆ ಆಡಿಸುವುದು ಅಣ್ಣ.

"ನಾ ಬರ್ತೀನಿ ಬೇ. ಪಶುಪತಿನಾಥನ ದರ್ಶನ ಆಗೂದಾದ್ರ ಹುಲಿ ಬಾಯಾಗರ ಹೋಗಿ ಬರೂಣು" ಎಂದರು.

ಅವರ ಸಾಮಾನಿನಲ್ಲಿ ಬಟ್ಟೆಗಿಂತ ಸಜ್ಜಿ ರೊಟ್ಟಿ ಹೆಚ್ಚಿತ್ತು. ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಒಂದು ಚೀಲ ಒಣದ್ರಾಕ್ಷಿ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಹುಡುಗಿಗೆ ಒಂದು ಹಿಡಿ ದ್ರಾಕ್ಷಿ ಕೊಡಲು ಹೋದರು. ಅವಳು ಬೇಡವೆಂದಳು. "ತಿನ್ನು ಯವ್ವಾ, ಮನ್ಯಾನವು" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

ಕಾಠ್ಮಂಡು

ಪಶುಪತಿನಾಥನ ಗುಡಿಯ ಅರ್ಚಕರು ಕರ್ನಾಟಕದ ಕಡೆಯವರು ಎಂದು ವೈನಿಗೆ ಯಾರೋ ಹೇಳಿಬಿಟ್ಟಿದ್ದರು. ಜನಜಂಗುಳಿಯ ನಡುವೆ, ಗಂಟೆಯ ಸದ್ದನ್ನೂ ಮೀರಿಸಿ, "ಯಪ್ಪಾ, ನಾವು ವಿಜಾಪುರದವ್ರು ಬಂದೀವ್ರಿ!" ಎಂದು ಕೂಗಿದರು. ಎಲ್ಲರೂ ತಿರುಗಿ ನೋಡಿದರು. ಒಳಗಿನ ಅರ್ಚಕರು ತಲೆಯೆತ್ತಿ ಸಣ್ಣಗೆ ನಕ್ಕು ಕೈಯೆತ್ತಿದರು. ವೈನಿಯ ಕಣ್ಣಲ್ಲಿ ನೀರು. ನಾನು ಮಾತ್ರ ಪಕ್ಕದಲ್ಲಿದ್ದ ಗುಜರಾತಿ ಹೆಂಗಸರ ಗುಂಪಿನವಳ ಹಾಗೆ ಮುಖ ಮಾಡಿಕೊಂಡು ನಿಂತಿದ್ದೆ. ಆ ಮುಖ ನೆನಪಾದರೆ ಈಗ ಮೈ ಹಿಡಿಯಾಗುತ್ತದೆ.

ಅಲ್ಲಿಯ ಜನ ಎದುರಾದರೆ ಮೊದಲು ಕೇಳುವುದು, "ಊಟ ಆಯಿತೇ?" ಎಂದು. ಕೇಳಿ ವೈನಿ ಅರಳಿಹೋದರು. "ನಮ್ಮಂಗ ಅದಾರ ಬೇ ಇವ್ರು. ಊಟ ಆತ್ರಿ ಅಂತ ಕೇಳದ ದೇಶಕ್ಕ ಹೋಗಬಾರ್ದು ನೋಡು." ಆಮೇಲೆ ಎರಡು ಹೊತ್ತೂ ಅನ್ನ, ಬೇಳೆ, ಮತ್ತೆ ಅನ್ನ, ಬೇಳೆ ಬಂದಾಗ ಆ ಪ್ರೀತಿ ಸ್ವಲ್ಪ ಇಳಿಯಿತು. ಚೀಲದ ರೊಟ್ಟಿ ಮುರಿಯುವ ಕಟಕಟ ಸದ್ದು ಹೋಟೆಲಿನ ತುಂಬ ಕೇಳುತ್ತಿತ್ತು.

ಕಾಡಂಚಿನ ಮನೆ

ಪಶ್ಚಿಮದ ತಗ್ಗು ಸೀಮೆಯ ಕಾಡಂಚಿನಲ್ಲಿ ಒಂದು ಥಾರು ಜನರ ಊರು. ಅಲ್ಲಿ ಫುಲ್ಮತಿ ಎಂಬವಳ ಮನೆಯಲ್ಲಿ ನಮಗೆ ಇಳಿದುಕೊಳ್ಳಲು ಜಾಗ. ಅವಳೇ ಸಮೀಕ್ಷೆಯವರಿಗೆಲ್ಲ ಅಡುಗೆ ಮಾಡುವವಳು. ಮಣ್ಣಿನ ಉದ್ದನೆಯ ಮನೆ, ಮೇಲೆ ಹುಲ್ಲಿನ ಚಾವಣಿ. ಒಳಗೆ ಕೋಣೆಗಳ ನಡುವೆ ಗೋಡೆಯ ಬದಲು ಮಣ್ಣಿನ ಎತ್ತರದ ಕಣಜಗಳು ನಿಂತಿದ್ದವು. ನಮ್ಮ ಕಡೆ ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಅಡಗಿಸುತ್ತಿದ್ದರು, ಇವರು ಕಾಳನ್ನೇ ಗೋಡೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಮಂಜು ಎಷ್ಟೆಂದರೆ ಅಂಗಳದ ಎಮ್ಮೆ ಕಾಣುವುದಿಲ್ಲ, ಉಸಿರು ಕೇಳುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನ ಬಿಸಿಲು ಸುಡುವ ಊರಿನವರು ನಾವು. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಈರುಳ್ಳಿಯ ಹಾಗೆ ಓಡಾಡಿದೆವು.

ವೈನಿ ಮತ್ತು ಫುಲ್ಮತಿ ಮೊದಲ ದಿನವೇ ಗೆಳತಿಯರಾದರು. ವೈನಿಗೆ ಬರುವುದು ನಮ್ಮ ಊರಿನ ಸಂತೆಯ ಹಿಂದಿ, ಫುಲ್ಮತಿಗೆ ಬರುವುದು ಸಿನಿಮಾದ ಹಿಂದಿ. ಫುಲ್ಮತಿ ಅಕ್ಕಿಹಿಟ್ಟನ್ನು ಕೈಯಲ್ಲಿ ಉದ್ದಗೆ ಹೊಸೆದು ಹಬೆಯಲ್ಲಿ ಬೇಯಿಸುವ ತಿಂಡಿ ಮಾಡಿದಳು. ಢಿಕ್ರಿ ಅಂತೆ. "ಇದು ನಮ್ಮ ಕಡಬು ಬೇ, ಹೂರಣ ಮರ್ತಾಳ ಅಷ್ಟ!" ಎಂದು ವೈನಿ ಅವಳ ಬೆನ್ನು ತಟ್ಟಿದರು.

ಮೊದಲ ದಿನ ಸಬಿತಾ ನನಗೆ ಕ್ಯಾಮೆರಾ ಕಟ್ಟುವುದನ್ನು ಕಲಿಸಿದಳು. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಮರಕ್ಕೋ ಗೂಟಕ್ಕೋ ಮೊಣಕಾಲಿನ ಎತ್ತರದಲ್ಲಿ ಬಿಗಿದರೆ, ಮುಂದೆ ಬಿಸಿ ಮೈಯ ಜೀವ ಯಾವುದು ಹಾದರೂ ತಾನೇ ಫೋಟೋ ತೆಗೆಯುತ್ತದೆ. ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಬ್ಬರು ಅದರ ಮುಂದೆ ನಾಲ್ಕು ಕಾಲಲ್ಲಿ ನಡೆಯಬೇಕು. ನಾನು ಅಂಬೆಗಾಲಿಟ್ಟೆ, ಕ್ಯಾಮೆರಾ ಮಿನುಗಲಿಲ್ಲ. "ಸರಿ ಬೇ, ನಿನ್ನ ನಡಿಗಿ ಎಮ್ಮಿದು. ಚಿಗರಿ ಹಂಗ ಅಲ್ಲ ನಡ್ಯೂದು" ಎಂದು ವೈನಿ ಸೀರೆಯ ಕಚ್ಚೆ ಬಿಗಿದು ತಾವೇ ಇಳಿದರು. ಕೆಂಪು ದೀಪ ಮಿನುಗಿತು. ಜೊತೆಗೆ ಬಂದಿದ್ದ ಕಾಡಿನ ಕಾವಲಿನವರೆಲ್ಲ ಚಪ್ಪಾಳೆ ಹೊಡೆದರು. ನನಗೆ ನಾಚಿಕೆಯಾಯಿತು, ನನ್ನ ನಡಿಗೆಗಲ್ಲ, ವೈನಿಯ ಕಚ್ಚೆಗೆ.

ಆಮೇಲೆ ಸಬಿತಾ ಗಂಭೀರವಾಗಿ ಒಂದು ಮಾತು ಹೇಳಿದಳು. ಕ್ಯಾಮೆರಾದ ಹತ್ತಿರ ಏನನ್ನೂ ಬಿಡಬಾರದು. ಬಾಳೆಹಣ್ಣಿನ ಸಿಪ್ಪೆ ಬೇಡ, ಒಂದು ಕಾಳು ಉಪ್ಪೂ ಬೇಡ. ಪ್ರಾಣಿ ತನ್ನ ಪಾಡಿಗೆ ತಾನು ಬಂದರೆ ಮಾತ್ರ ಲೆಕ್ಕ. ತಿನಿಸಿನ ಆಸೆಗೆ ಬಂದದ್ದನ್ನು ಎಣಿಸಿದರೆ ಇಡೀ ಕಾಡಿನ ಲೆಕ್ಕ ಸುಳ್ಳಾಗುತ್ತದೆ. ಅಷ್ಟೇ ಅಲ್ಲ, ಹಂದಿ ಹೊಡೆಯುವ ಕಳ್ಳಬೇಟೆಯವರು ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಟ್ಟು ಚೆಲ್ಲುತ್ತಾರೆ. ಆದ್ದರಿಂದ ಕಾಡಿನಲ್ಲಿ ತಿನಿಸು ಬಿದ್ದಿದ್ದು ಕಂಡರೆ ಅರಣ್ಯ ಕಚೇರಿಯವರು ಸುಮ್ಮನಿರುವುದಿಲ್ಲ.

"ಏನಂತಾಳ?" ಎಂದರು ವೈನಿ.

ನನಗೆ ಚಳಿ, ಹಸಿವು, ಜೊತೆಗೆ ಎಲ್ಲವನ್ನೂ ಅನುವಾದ ಮಾಡಿ ಮಾಡಿ ಬೇಸರ. "ಕಸ ಚೆಲ್ಲಬ್ಯಾಡ್ರಿ ಅಂತಾಳ" ಎಂದೆ.

"ನಾವ್ಯಾಕ ಕಸ ಚೆಲ್ಲೂಣು?" ಎಂದರು ವೈನಿ.

ಅಮವಾಸ್ಯೆ

ಎಳ್ಳ ಅಮವಾಸ್ಯೆ ನಾವು ಅಲ್ಲಿದ್ದಾಗಲೇ ಬಂತು. ನಮ್ಮ ಸೀಮೆಯಲ್ಲಿ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ. ಬಬಲೇಶ್ವರದಲ್ಲಿ ನಮ್ಮ ತವರಿನ ಹೊಲವಿದೆ. ಎಲ್ಲಿದ್ದರೂ ಆ ದಿನ ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲು ಪೂಜಿಸಿ, ಮೊದಲು ಭೂಮಿತಾಯಿಗೆ ಉಣಿಸಿ ಆಮೇಲೆ ನಾವು ಉಣ್ಣುತ್ತೇವೆ. ಕಡುಬು, ರೊಟ್ಟಿ, ಪಲ್ಯೆ, ಅನ್ನ ಎಲ್ಲ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬೆಳೆಯ ಸುತ್ತ ಚೆಲ್ಲುತ್ತ ನಡೆಯುವುದು. ಅದಕ್ಕೇ ಚರಗ ಚೆಲ್ಲುವುದು ಅನ್ನುತ್ತಾರೆ. ಮುಂದಿನವರು "ಹುಲ್ಲುಲ್ಲಿಗೋ" ಎಂದರೆ ಹಿಂದಿನವರು "ಸಲಾಂಬ್ರಿಗೋ" ಅನ್ನಬೇಕು. ಅರ್ಥ ಕೇಳಿದವರಿಗೆ ನನ್ನ ಅಪ್ಪ, "ಮೊದಲ ಕೂಗು, ಅರ್ಥ ಆಮ್ಯಾಲ" ಅನ್ನುತ್ತಿದ್ದರು.

ಬೆಳಿಗ್ಗೆ ಎದ್ದರೆ ವೈನಿ ಫುಲ್ಮತಿಯ ಒಲೆಯ ಮುಂದೆ ಕಡುಬು ಬೇಯಿಸುತ್ತಿದ್ದರು. ಫುಲ್ಮತಿ ಹಿಟ್ಟು ಕೊಟ್ಟಿದ್ದಳು, ಹಬೆಯ ಪಾತ್ರೆ ಕೊಟ್ಟಿದ್ದಳು. ಆಮೇಲೆ ಅವಳು ಕುಡುಗೋಲು ಹಿಡಿದು ಹೊರಟಳು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕೆಲವೇ ದಿನ ಆ ಊರಿನ ಹೆಂಗಸರಿಗೆ ಕಾಡಂಚಿನ ಹುಲ್ಲು ಕೊಯ್ಯಲು ಬಿಡುತ್ತಾರೆ. ಅಷ್ಟರಲ್ಲಿ ಕೊಯ್ದುಕೊಂಡರೆ ಚಾವಣಿ, ಇಲ್ಲವಾದರೆ ಮಳೆಗಾಲದಲ್ಲಿ ಮನೆಯೊಳಗೆ ಮಳೆ. ನಾಡಿದ್ದಿನಿಂದ ಇನ್ನೂ ಒಳಗಿನ ಒಳ್ಳೆಯ ಹುಲ್ಲು ಸಿಗುತ್ತದೆ ಎಂದು ಖುಷಿಯಾಗಿದ್ದಳು.

ನಾವು ಜೀಪಿನಲ್ಲಿ ಕಾಡಿಗೆ ಹೋದೆವು. ಮುಂದಿನ ಕ್ಯಾಮೆರಾವನ್ನು ಆನೆ ಕಿತ್ತೆಸೆದಿತ್ತು. ದಾರಿ ಕೆಟ್ಟದ್ದೆಂದು ಸಬಿತಾ ನಮ್ಮಿಬ್ಬರನ್ನು ಒಂದು ಅಟ್ಟಣೆಯ ಮೇಲೆ ಕೂರಿಸಿ, "ನಾನು ಬರುವವರೆಗೆ ಇಳಿಯಬೇಡಿ" ಎಂದು ಕಾವಲಿನವರ ಜೊತೆ ಹೋದಳು. ಅಟ್ಟಣೆಯ ಕೆಳಗೇ ಇನ್ನೊಂದು ಕ್ಯಾಮೆರಾ ಇತ್ತು. ಮಂಜು ಹರಿದು ಬಿಸಿಲು ಬಿತ್ತು. ಎದುರಿಗೆ ಆಳೆತ್ತರದ ಹುಲ್ಲು, ಗಾಳಿಗೆ ಒಂದೇ ಸಮ ಬಾಗುತ್ತಿತ್ತು. ಅದರ ಆಚೆ ತುದಿಯಿಂದ ಹುಲ್ಲು ಕೊಯ್ಯುವ ಹೆಂಗಸರ ಮಾತು ಸಣ್ಣಗೆ ಕೇಳುತ್ತಿತ್ತು.

"ನಮ್ಮ ಬಿಳಿಜ್ವಾಳ ಇದ್ದಂಗೈತಿ ನೋಡು" ಎಂದು ವೈನಿ ಡಬ್ಬಿ ತೆಗೆದರು. "ಏಳು, ಚರಗ ಚೆಲ್ಲೂಣು."

"ಬ್ಯಾಡ್ರಿ ವೈನಿ, ಇಳೀಬ್ಯಾಡ್ರಿ ಅಂದಾಳ."

"ಮೂರು ಮೆಟ್ಟಲಾ ಇಳದ್ರ ಹುಲಿ ಬರ್ತೈತೇನು? ಇವತ್ತ ಭೂಮಿತಾಯಿಗೆ ಉಣಸಲಿಲ್ಲಂದ್ರ ನನಗ ಗಂಟಲದಾಗ ತುತ್ತ ಇಳ್ಯೂದಿಲ್ಲ ಬೇ."

ಇಲ್ಲಿ ನಾನು ತಡೆಯಬೇಕಿತ್ತು. ಸಬಿತಾ ಹೇಳಿದ್ದನ್ನು ಪೂರ್ತಿ ಹೇಳಬೇಕಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಏನೂ ನೆನಪಾಗಲಿಲ್ಲ. ಕಡುಬಿನ ವಾಸನೆ ಬಂತು, ಅಪ್ಪ ನೆನಪಾದರು, ಬಬಲೇಶ್ವರದ ಕರಿಮಣ್ಣು ನೆನಪಾಯಿತು. ವೈನಿ "ಹುಲ್ಲುಲ್ಲಿಗೋ" ಎಂದರು. ನಾನು "ಸಲಾಂಬ್ರಿಗೋ" ಎಂದೆ. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಗಂಟಲು ಬಿಟ್ಟು. ಅರ್ಧ ದಾರಿಯಲ್ಲಿ ಡಬ್ಬಿ ನಾನೇ ಕಸಿದುಕೊಂಡು, ಹುಲ್ಲಿನ ಅಂಚಿನುದ್ದಕ್ಕೂ, ಕ್ಯಾಮೆರಾದ ಮುಂದೆಯೂ, ಎರಡೂ ಕೈಯಿಂದ ಚೆಲ್ಲಿದೆ. ಇಡೀ ಪ್ರವಾಸದಲ್ಲಿ ನಾನು ನಾಚಿಕೆಯಿಲ್ಲದೆ ಇದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಜೀಪಿನ ಸದ್ದು ಕೇಳುವ ಮೊದಲೇ ಅಟ್ಟಣೆ ಹತ್ತಿ ಕೂತು, ಉಳಿದ ಕಡುಬು ತಿಂದೆವು. ಸಬಿತಾಗೂ ಕೊಟ್ಟೆವು. ಮುರಿದ ಕ್ಯಾಮೆರಾದ ಚಿಂತೆಯಲ್ಲಿ ಅವಳು ಕೈಯಲ್ಲಿದ್ದದ್ದನ್ನು ನೋಡದೆಯೇ ನುಂಗಿದಳು.

ಕಂಪ್ಯೂಟರಿನ ಮುಂದೆ

ಕೆಲವು ದಿನ ಕಳೆದ ಮೇಲೆ ಕ್ಯಾಮೆರಾಗಳ ಕಾರ್ಡುಗಳು ಬಂದವು. ಫೋಟೋ ನೋಡಿ ಇದು ಜಿಂಕೆ, ಇದು ಹಂದಿ, ಇದು ಬರೀ ಹುಲ್ಲು ಎಂದು ಬೇರೆ ಮಾಡುವ ಕೆಲಸ ಸಬಿತಾ ನನಗೆ ಕೊಟ್ಟಳು. ಕೇಳಲು ಸೊಗಸು, ಮಾಡಲು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಸಾಲುಸಾಲು ಫೋಟೋಗಳಲ್ಲಿ ಗಾಳಿಗೆ ಅಲ್ಲಾಡಿದ ಹುಲ್ಲೇ ಇರುತ್ತದೆ. ನಡುವೆ ಒಂದು ಚುಕ್ಕೆ ಜಿಂಕೆಯ ಕಿವಿ. ಕ್ಯಾಮೆರಾವನ್ನೇ ಮೂಸಿ ನೋಡಿದ ಕಡವೆಯ ಒದ್ದೆ ಮೂಗು. ಮುಳ್ಳುಹಂದಿಯ ಗಂಡಹೆಂಡತಿ. ಒಮ್ಮೆ ಹುಲಿಯ ಬಾಲದ ತುದಿ ಬಂತು, ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಆಮೇಲೆ ಅಟ್ಟಣೆಯ ಕೆಳಗಿನ ಕ್ಯಾಮೆರಾದ ಕಾರ್ಡು ಹಾಕಿದೆ. ತೆರೆಯ ತುಂಬ ನಾನು. ಬಾಯಿ ತೆರೆದಿದೆ, ಕೈ ಮುಂದೆ ಚಾಚಿದೆ, ಬೆರಳುಗಳ ನಡುವಿಂದ ಅನ್ನ ಉದುರುತ್ತಿದೆ. ಹಿಂದೆ ವೈನಿ. ಅದರ ಮುಂದಿನ ಫೋಟೋಗಳಲ್ಲಿ ಕಾಡುಹಂದಿಗಳು, ಅವುಗಳ ಮರಿಗಳು, ಮಂಗಗಳು, ಜಿಂಕೆಗಳು. ಮದುವೆಯ ಊಟಕ್ಕೆ ಬಂದಂತೆ ಬಂದಿದ್ದವು. ದಿನವೂ ಬಂದಿದ್ದವು.

ಸಬಿತಾ ಹೇಳಿದ ಒಂದೊಂದು ಮಾತೂ ಈಗ ನೆನಪಾಯಿತು. ಎದ್ದು ಹೋಗಿ ಹೇಳಿದ್ದರೆ ಅವಳು ಬೈಯುತ್ತಿದ್ದಳು, ಅಷ್ಟೇ. ಆದರೆ "ನಮ್ಮ ಹೆಮ್ಮೆ" ಎಂಬ ಫಲಕ ಕಣ್ಣ ಮುಂದೆ ಬಂತು. ಪ್ರಾಣಿಶಾಸ್ತ್ರದ ಮೇಡಂ ಹುಲಿಕಾಡಿನಲ್ಲಿ ಕಡುಬು ಚೆಲ್ಲಿ ಬಂದರಂತೆ ಎಂಬ ಮಾತು ಕಿವಿಯಲ್ಲಿ ಕೇಳಿತು. ನಾನು ಮತ್ತು ವೈನಿ ಇದ್ದ ಫೋಟೋಗಳನ್ನೆಲ್ಲ ಅಳಿಸಿದೆ. ಹಂದಿಗಳ ಫೋಟೋ ಅಳಿಸಲು ಮಾತ್ರ ಮನಸ್ಸಾಗಲಿಲ್ಲ, ಅದು ವಿಜ್ಞಾನಕ್ಕೆ ಮೋಸ ಅನ್ನಿಸಿತು. ಹೀಗೂ ಒಂದು ನಿಯತ್ತು ನನ್ನದು!

ಸಬಿತಾ ಆ ಫೋಟೋಗಳನ್ನು ನೋಡಿ ಮೊದಲು ಹಿಗ್ಗಿದಳು. ಆಮೇಲೆ ಒಂದನ್ನು ದೊಡ್ಡದು ಮಾಡಿದಳು. ಹಂದಿಯ ಮೂತಿಯ ಹತ್ತಿರ ಬೆಳ್ಳಗೆ ಉದ್ದಗೆ ಏನೋ ಇತ್ತು.

"ಹಿಟ್ಟಿನ ಉಂಡೆ" ಎಂದಳು. ಇನ್ನೂ ದೊಡ್ಡದು ಮಾಡಿ, "ಢಿಕ್ರಿ ಇದು. ಥಾರು ಮನೆಯದು" ಎಂದಳು. ಅವಳ ದನಿ ಒಡೆದಿತ್ತು. ಹುಲ್ಲು ಕೊಯ್ಯಲು ಹೆಂಗಸರನ್ನು ಬಿಡಿ, ಅವರಿಂದ ಪ್ರಾಣಿಗಳಿಗೆ ತೊಂದರೆಯಿಲ್ಲ ಎಂದು ಕಚೇರಿಯವರ ಹತ್ತಿರ ವಾದ ಮಾಡಿ ಒಪ್ಪಿಸಿದವಳು ಅವಳೇ. ಈಗ ಮುಚ್ಚಿಡುವಂತಿಲ್ಲ. ಹೇಳಲೇಬೇಕು.

"ನಿಮಗೇನಾದರೂ ಕಂಡಿತೇ ದೀದಿ, ಇದಕ್ಕೆ ಮೊದಲಿನ ಫೋಟೋದಲ್ಲಿ?" ಎಂದು ಕೇಳಿದಳು.

"ಇಲ್ಲ" ಎಂದೆ.

ಕಚೇರಿ

ಮರುದಿನ ಹುಲ್ಲು ಕೊಯ್ಯುವುದನ್ನು ನಿಲ್ಲಿಸಿದರು. ಯಾರು ಚೆಲ್ಲಿದರು ಎಂದು ತಿಳಿಯುವವರೆಗೆ ಆ ಊರಿನ ಯಾರೂ ಕಾಡಿಗೆ ಕಾಲಿಡಬಾರದು ಎಂದು ಅಪ್ಪಣೆ. ಎರಡು ದಿನ ಹೆಂಗಸರು ಕುಡುಗೋಲು ಹಿಡಿದು ಬೇಲಿಯ ಹತ್ತಿರ ಕೂತು ಎದ್ದು ಬಂದರು. ಫುಲ್ಮತಿ ಅಡುಗೆ ಮಾಡುತ್ತ ಅಳುತ್ತಿದ್ದಳು. ಬಡಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

"ಯಾಕ ಅಳಾಕತ್ತಾಳ ಆಕಿ?" ಎಂದು ವೈನಿ ಕೇಳಿದರು.

"ಏನೋ ಅವರ ಊರಾಗಿನ ಜಗಳ್ರಿ ವೈನಿ."

"ಜಗಳಕ್ಕ ಹಿಂಗ ಅಳೂ ಹೆಣಮಗಳಲ್ಲ ಬೇ ಅದು" ಎಂದರು ವೈನಿ. ನಾನು ಎದ್ದು ಕೈ ತೊಳೆಯಲು ಹೋದೆ.

ಮೂರನೆಯ ಬೆಳಿಗ್ಗೆ ಹೆಂಗಸರನ್ನೆಲ್ಲ ಕಚೇರಿಗೆ ಕರೆಸಿದರು. ಫುಲ್ಮತಿ ಒಬ್ಬಳೇ ಹೋಗುವುದು ಬೇಡವೆಂದು ವೈನಿ ಅವಳ ಕೈ ಹಿಡಿದು ಹೊರಟರು. ನಾನೂ ಹೋಗಬೇಕಾಯಿತು. ಅಧಿಕಾರಿ ವಯಸ್ಸಾದವರು, ಮೇಜಿನ ಮೇಲಿನ ಕಂಪ್ಯೂಟರನ್ನು ಹೆಂಗಸರ ಕಡೆ ತಿರುಗಿಸಿ, "ಇದು ಯಾರ ಮನೆಯ ಢಿಕ್ರಿ?" ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಸಬಿತಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಮೇಜಿನ ಪಕ್ಕದ ಕುರ್ಚಿಯಲ್ಲಿ, ತಜ್ಞೆ ಎಂದು, ನನ್ನನ್ನು ಕೂರಿಸಿದ್ದರು.

ಹಿಂದಿನಿಂದ ವೈನಿ ಬಗ್ಗಿ ನೋಡಿದರು. "ಅಯ್ಯ ಇವನ! ಇವು ನನ್ನ ಕಡಬು!" ಎಂದರು.

ಎಲ್ಲರೂ ತಿರುಗಿದರು. ವೈನಿ ಜನರನ್ನು ಸರಿಸಿಕೊಂಡು ಮೇಜಿನ ಮುಂದೆ ಬಂದು ನಿಂತರು. "ಹಮ್ ಡಾಲ್ಯಾ ಸಾಬ್, ಹಮ್. ಏ ಬಾಯಿ ಲೋಗ್ ನಕ್ಕೋ" ಎಂದು, ಚೆಲ್ಲಿದ್ದು ನಾನು, ಈ ಹೆಂಗಸರಲ್ಲ ಎನ್ನುವುದನ್ನು ನಮ್ಮ ಸಂತೆಯ ಹಿಂದಿಯಲ್ಲಿ ಶುರು ಮಾಡಿ, ಸಾಲದೆ, ಕನ್ನಡಕ್ಕೆ ಇಳಿದರು.

"ಶೈಲಾ, ಹೇಳು ಇವರಿಗೆ. ಎಳ್ಳ ಅಮಾಸಿ ದಿನ ಚರಗ ಚೆಲ್ಲೀನಿ. ಇದು ಬ್ಯಾಟಿ ಅಲ್ಲ, ಭೂಮಿತಾಯಿ ಊಟ. ಚೆಲ್ಲಬಾರ್ದಂತ ನನಗ ಗೊತ್ತಿದ್ದಿಲ್ಲ." ಆಮೇಲೆ ನನ್ನ ಮುಖ ನೋಡಿದರು. ಏನು ಕಂಡಿತೋ, ದನಿ ತಗ್ಗಿಸಿ, "ನಾ ಒಬ್ಬಾಕಿನ ಚೆಲ್ಲೀನಿ ಅಂತ ಹೇಳು. ಇಕಿ ಮ್ಯಾಲ ಕುಂತಿದ್ಲು, ಇಕಿಗೇನೂ ಗೊತ್ತಿಲ್ಲ ಅನ್ನು. ನೀ ಕಾಲೇಜದಾಗ ಕಲಸಾಕಿ, ನಿನ್ನ ಹೆಸರು ಕೆಡಬಾರ್ದು" ಎಂದರು.

ಆ ಕೋಣೆಯಲ್ಲಿ ವೈನಿಯನ್ನು ಬಿಟ್ಟರೆ ಕನ್ನಡ ತಿಳಿದವಳು ನಾನೊಬ್ಬಳು. ಬೇಕಾದುದನ್ನು ಹೇಳಬಹುದಿತ್ತು. ನಾನು ಎದ್ದು ನಿಂತು, ಚೊಕ್ಕ ಹಿಂದಿಯಲ್ಲಿ, "ಇವರು ಒಬ್ಬರೇ ಚೆಲ್ಲಿದ್ದಂತೆ. ನನಗೆ ಗೊತ್ತಿರಲಿಲ್ಲ" ಎಂದು ಹೇಳಿದೆ. ಒಂದು ಮಾತೂ ತಡವರಿಸಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ವೈನಿಯನ್ನು ನೋಡಿದರು. ಹೇಗೆ ಚೆಲ್ಲುತ್ತೀರಿ, ತೋರಿಸಿ ಎಂದರು. ವೈನಿ ಆ ಕಚೇರಿಯಲ್ಲೇ ಕೈ ಬೀಸಿ "ಹುಲ್ಲುಲ್ಲಿಗೋ" ಎಂದರು. ಮುಂದಿನ ಮಾತು ನನ್ನದು. ನಾನು ಬಾಯಿ ಬಿಡಲಿಲ್ಲ. ವೈನಿ ತಾವೇ "ಸಲಾಂಬ್ರಿಗೋ" ಎಂದು ಹೇಳಿಕೊಂಡರು. ಅಧಿಕಾರಿ ನಕ್ಕುಬಿಟ್ಟರು. ವೈನಿಗೆ ಬೈದರು, ಇನ್ನು ಕಾಡಿನೊಳಗೆ ಹೋಗಬಾರದು ಎಂದರು. ಹುಲ್ಲು ಕೊಯ್ಯಲು ಮತ್ತೆ ಬಿಟ್ಟರು. ಹೋದ ದಿನಗಳು ಮಾತ್ರ ಹೋದವು, ಅವನ್ನು ಸೇರಿಸಿ ಕೊ‌ಡುವ ನಿಯಮ ಇಲ್ಲವಂತೆ. ಆ ಕ್ಯಾಮೆರಾದ ಫೋಟೋಗಳನ್ನೆಲ್ಲ ಸಬಿತಾ ಲೆಕ್ಕದಿಂದ ತೆಗೆದುಹಾಕಿದಳು.

ಹೊರಗೆ ಬಂದಾಗ ಹೆಂಗಸರು ವೈನಿಯನ್ನು ಸುತ್ತಿಕೊಂಡು ನಗುತ್ತಿದ್ದರು. ಸಬಿತಾ ನನ್ನ ಹತ್ತಿರ ಬಂದು, "ನಿಮಗೆ ಎಷ್ಟು ಮುಜುಗರವಾಗಿರಬೇಕು ದೀದಿ, ಕ್ಷಮಿಸಿ" ಎಂದಳು. ನಾನು ಕ್ಷಮಿಸಿದೆ. ಹೌದು, ಅದನ್ನೂ ಮಾಡಿದೆ.

ತಿಕೋಟಾ

ಊರಿಗೆ ಬಂದ ಮೇಲೆ ಎಲ್ಲರಿಗೂ ಕತೆ ಬೇಕು. ಕಾಲೇಜಿನಲ್ಲಿ ಹಾರ ಹಾಕಿದರು, ನಾನು ಕಡವೆಯ ಮೂಗು ತೋರಿಸಿ ಭಾಷಣ ಮಾಡಿದೆ. ಒಂದು ಭಾನುವಾರ ಅಣ್ಣ ತಿಕೋಟಾಕ್ಕೆ ಊಟಕ್ಕೆ ಕರೆದ. ದ್ರಾಕ್ಷಿ ಒಣಹಾಕುವ ಶೆಡ್ಡಿನ ನೆರಳಲ್ಲಿ ಚಾಪೆ ಹಾಸಿ ನೆಂಟರೆಲ್ಲ ಕೂತಿದ್ದರು. ವೈನಿ ನೇಪಾಳದ ಕತೆ ಹೇಳುತ್ತಿದ್ದರು. ಕಡುಬಿನ ಕತೆ ಬಂತು.

"ಇಕಿ ಬ್ಯಾಡ ಬ್ಯಾಡ ಅಂದ್ಲು, ನಾನ ಕೇಳಲಿಲ್ಲ. ಆ ಸಾಹೇಬನ ಮುಂದ ಕುಣಿದೆ ನೋಡ್ರಿ!"

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಲಿಗೆ ಹಂದಿ, ಹಂದಿಗೆ ನಮ್ಮಾಕಿ ಕಡಬು. ನೇಪಾಳಕ್ಕ ಹೋಗಿ ಛತ್ರ ತಗದು ಬಂದಾಳ!" ಎಂದು ಅಣ್ಣ ಸೇರಿಸಿದ. ವೈನಿ ಮನೆಯಲ್ಲೂ, ತಮ್ಮ ಗಂಡನ ಮುಂದೆಯೂ ನನ್ನ ಹೆಸರು ಬಿಟ್ಟಿದ್ದರು.

"ನಾನೂ ಚೆಲ್ಲೀನಿ" ಎಂದೆ. "ನಾನ ಹೆಚ್ಚು ಚೆಲ್ಲೀನಿ. ಫೋಟೋದಾಗ ಬಂದಿತ್ತು. ನಾನ ಅಳಿಸಿ ಹಾಕೀನಿ."

ಅಣ್ಣ ಮತ್ತೆ ನಕ್ಕ. "ಅದ್ರಾಗೇನೈತಿ ಬಿಡು! ಹಂದಿ ನಾಕು ಕಡಬು ತಿಂದ್ರ ಗಂಟೇನು ಹೋತು?" ಉಳಿದವರೂ ನಕ್ಕರು. ಇಷ್ಟು ದಿನ ಎದೆಯಲ್ಲಿ ಹೊತ್ತ ಕಲ್ಲನ್ನು ಅವರು ಹರಳಿನಂತೆ ಪಕ್ಕಕ್ಕೆ ತಳ್ಳಿದರು. ನನಗೂ ಹಾಗೇ ತಳ್ಳಿಬಿಡುವ ಆಸೆಯಾಯಿತು.

ವೈನಿ ನಗಲಿಲ್ಲ. ಬಡಿಸುವ ಸೌಟು ಕೆಳಗಿಟ್ಟರು.

"ಫೋಟೋ ಯಾವಾಗ ನೋಡಿದಿ?"

"ಅವರು ಹುಲ್ಲು ಕೊಯ್ಯೂದು ನಿಲ್ಲಸೂಕ್ಕಿಂತ ಮೊದಲ."

"ಹಂಗಾರ ನಿನಗ ಎಲ್ಲಾ ಗೊತ್ತಿತ್ತು. ಎರಡು ದಿನ ಆಕಿ ಅಳಾಕತ್ತಿದ್ಲು. ನೀ ಆಕಿ ಕೈಯಾಗಿನ ಅನ್ನ ಉಣ್ಣಕೋಂತ ಕುಂತಿದ್ದಿ."

ನಾನು ಮತ್ತೆ ತಟ್ಟೆ ನೋಡಿದೆ.

"ನಿನ್ನ ಹೆಸರು ನಾ ಬಿಟ್ಟಿದ್ದು, ನಿನಗೂ ನನ್ನಂಗ ಆ ಕಚೇರ್ಯಾಗ ಗೊತ್ತಾಗೇತಿ ಅಂತ ತಿಳದು ಬೇ" ಎಂದರು ವೈನಿ. ಮೊಬೈಲು ತೆಗೆದರು. ಫುಲ್ಮತಿಯ ಜೊತೆ ಅವರು ಎರಡು ದಿನಕ್ಕೊಮ್ಮೆ ಮುಖ ನೋಡಿಕೊಂಡು ಮಾತಾಡುತ್ತಾರೆ, ಅರ್ಧ ಮಾತು, ಅರ್ಧ ಕೈಸನ್ನೆ. ಕರೆ ಹಚ್ಚಿ ಮೊಬೈಲನ್ನು ನನ್ನ ಕೈಗೆ ತುರುಕಿದರು. "ನಮಗ್ಯಾಕ ಹೇಳ್ತಿ? ಆಕಿಗೆ ಹೇಳು."

ಫುಲ್ಮತಿ ಅಂಗಳದಲ್ಲಿ ಕೂತಿದ್ದಳು. ನನ್ನನ್ನು ಕಂಡು, "ಊಟ ಆಯಿತೇ ದೀದಿ?" ಎಂದಳು.

ಹೇಳಿದೆ. ಚೆಲ್ಲಿದ್ದು, ಅಳಿಸಿದ್ದು, ಕಚೇರಿಯಲ್ಲಿ ಎದ್ದು ನಿಂತು ಸುಳ್ಳು ಹೇಳಿದ್ದು. ಹಿಂದಿ ಅಂದಿನಷ್ಟು ಚೊಕ್ಕವಾಗಿ ಬರಲಿಲ್ಲ. ಅವಳು ನಡುವೆ ಮಾತಾಡದೆ ಕೇಳಿದಳು. ಸಿಟ್ಟೂ ಆಗಲಿಲ್ಲ, ಆಶ್ಚರ್ಯವೂ ಪಡಲಿಲ್ಲ.

"ಕಡುಬು ನನ್ನ ಒಲೆಯ ಮೇಲೆ ಬೆಂದದ್ದು ದೀದಿ, ನನಗೆ ಗೊತ್ತಾಗದೇ ಇರುತ್ತದೆಯೇ?" ಎಂದಳು. "ನೀವಿಬ್ಬರೂ ಕೂಗಿದ್ದು ಹುಲ್ಲಿನಲ್ಲಿದ್ದ ನಮಗೆಲ್ಲ ಕೇಳಿಸಿತ್ತು. ಮನೆಯಲ್ಲಿ ಉಂಡವರ ಮೇಲೆ ಕಚೇರಿಯಲ್ಲಿ ಹೇಗೆ ಹೇಳುವುದು ಎಂದು ಎಲ್ಲರೂ ಸುಮ್ಮನಿದ್ದೆವು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ."

ಅವಳ ಹಿಂದೆ ಮನೆಯ ಚಾವಣಿ ಕಾಣುತ್ತಿತ್ತು. ಒಂದು ಕಡೆ ಹೊಸ ಹುಲ್ಲು ಹೊದಿಸಿದ್ದರು. ಇನ್ನೊಂದು ಕಡೆ ಹೋದ ವರ್ಷದ ಕರಿ ಹುಲ್ಲೇ ಇತ್ತು.